ಮಾಡೆಲ್ ಕಾರಿಗೆ ಬಣ್ಣ ಹೊಡೆದರೆ ಮೈ ಬಿರುಕು ಬಿಟ್ಟಿತು, ಮುಂದೇನು?

ಪ್ರಶ್ನೆ: ಸರ್, ನನಗೆ 38 ವರ್ಷ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆ, ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಅಪ್ಪ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು, ಹಾಗಾಗಿ ಚಿಕ್ಕಂದಿನಿಂದ ಕಾರಿನ ಹುಚ್ಚು. ಏಪ್ರಿಲ್‌ನಲ್ಲಿ 1/24 ಅಳತೆಯ (ನಿಜವಾದ ಕಾರಿನ 24ನೇ ಒಂದು ಭಾಗ) ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಪ್ಲಾಸ್ಟಿಕ್ ಕಿಟ್ ಆನ್‌ಲೈನ್‌ನಲ್ಲಿ ತರಿಸಿದೆ. ಮೂರು ಸಾವಿರದ ಮೇಲೆ ಬಿತ್ತು. ಫೆವಿಕ್ವಿಕ್‌ನಿಂದ ಅಂಟಿಸಿದೆ. ಆಟೋ ಸ್ಪೇರ್ಸ್ ಅಂಗಡಿಯಿಂದ ಸ್ಪ್ರೇ ಡಬ್ಬಿ ತಂದು ಮಧ್ಯಾಹ್ನ ತಾರಸಿ ಮೇಲೆ ಬಣ್ಣ ಹೊಡೆದೆ. ಬಾನೆಟ್ ಮೇಲೆ ಜೇಡರ ಬಲೆ ತರ ಬಿರುಕು ಬಂತು. ಟಾಪ್ ಮುಟ್ಟಿದರೆ ರವೆ ಸವರಿದ ಹಾಗಿದೆ. ಮುಂದಿನ ಗ್ಲಾಸಿಗೆ ಬೆಳ್ಳಗೆ ಮಂಜು ಹಿಡಿದಿದೆ. ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಷ್, ಕಂಪ್ರೆಸರ್ ಇಲ್ಲದೆ ಇದು ಆಗೋ ಕೆಲಸ ಅಲ್ಲ, ಹದಿನೈದು ಸಾವಿರ ಎತ್ತಿಡು ಅಂತ ಗೆಳೆಯ ಹೇಳುತ್ತಾನೆ. ಮನೆಯಲ್ಲಿ ಅಮ್ಮನಿಗೆ ಅಸ್ತಮಾ ಇದೆ, ಆರು ವರ್ಷದ ಮಗಳಿದ್ದಾಳೆ. ಬಣ್ಣದ ವಾಸನೆಗೆ ಹೆಂಡತಿಗೂ ಭಯ. ಬಿಟ್ಟುಬಿಡಲೋ, ಮುಂದುವರಿಸಲೋ? ಮುಂದುವರಿಸಿದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬಿಡಬೇಡಿ. ಆ ಬೀಟಲ್ಲನ್ನೂ ಎಸೆಯಬೇಡಿ, ಅದಕ್ಕೆ ಇನ್ನೂ ಕೆಲಸ ಇದೆ.

ನಾನು ಪಿ.ಬಿ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ಮಾಡೆಲ್ ಕಾರು ಕಟ್ಟುವುದು ಅದರ ಜೊತೆ ಬೆಳೆದ ಅಭ್ಯಾಸ. ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಕಿಟ್ ನೆನಪಾಯಿತು. ನಿಜವಾದ ಕಾರಿಗೆ ಬಣ್ಣ ಹೊಡೆಯುವ ಮೊದಲು ನಾವು ಬಟ್ಟೆಗೆ ಥಿನ್ನರ್ ಹಾಕಿ ಮೈ ಒರೆಸುತ್ತೇವೆ, ಜಿಡ್ಡು ಹೋಗಲಿ ಅಂತ. ಅದೇ ಅಭ್ಯಾಸದಲ್ಲಿ ಮಾಡೆಲ್ಲಿನ ಬಾಗಿಲನ್ನೂ ಒರೆಸಿದೆ. ಬಟ್ಟೆ ಎತ್ತಿದರೆ ಬಾಗಿಲ ಮೇಲೆ ಅದರ ನೇಯ್ಗೆ ಅಚ್ಚಾಗಿತ್ತು. ಒಂದೊಂದು ಎಳೆಯೂ ಎಣಿಸುವ ಹಾಗೆ ಕಾಣುತ್ತಿತ್ತು. ತಗಡಿಗೆ ಏನೂ ಮಾಡದ ಥಿನ್ನರ್ ಈ ಪ್ಲಾಸ್ಟಿಕ್ಕನ್ನು ಬೆಣ್ಣೆ ತರ ಕರಗಿಸುತ್ತೆ ಅಂತ ನನಗೆ ಗೊತ್ತಾದದ್ದು ಅವತ್ತು.

ನಿಮ್ಮ ಬಿರುಕಿನ ಕಾರಣವೂ ಅದೇ. ಕಿಟ್‌ನ ಪ್ಲಾಸ್ಟಿಕ್ಕಿಗೆ ಪಾಲಿಸ್ಟೈರೀನ್ ಅಂತ ಹೆಸರು. ಆಟೋ ಅಂಗಡಿಯ ಸ್ಪ್ರೇ ಡಬ್ಬಿ ಮಾಡಿರುವುದು ತಗಡಿಗೆ, ಅದರೊಳಗಿನ ಥಿನ್ನರ್ ಖಾರ. ಕಾರಿನ ಮೈಯನ್ನು ಅಚ್ಚಿನಲ್ಲಿ ಒತ್ತುವಾಗ ಪ್ಲಾಸ್ಟಿಕ್ಕಿನೊಳಗೆ ಒಂದಿಷ್ಟು ಸೆಳೆತ ಉಳಿದಿರುತ್ತೆ. ಖಾರದ ಥಿನ್ನರ್ ಬಿದ್ದ ಕೂಡಲೇ ಆ ಸೆಳೆತ ಇರುವ ಕಡೆ ಸಣ್ಣ ಸಣ್ಣ ಸೀಳು ತೆರೆದುಕೊಳ್ಳುತ್ತವೆ. ಅಂದರೆ ನಿಮಗೆ ಕಾಣುವ ಜೇಡರ ಬಲೆ ಬಣ್ಣದಲ್ಲಿ ಇಲ್ಲ, ಕೆಳಗಿನ ಪ್ಲಾಸ್ಟಿಕ್ಕಿನಲ್ಲೇ ಇದೆ. ಬಣ್ಣ ತೆಗೆದರೂ ಅದು ಅಲ್ಲೇ ಇರುತ್ತೆ. ಇದನ್ನು ಈಗಲೇ ಹೇಳುತ್ತಿದ್ದೇನೆ, ಯಾಕಂದ್ರೆ ಬಹಳ ಜನ ಇದರ ಮೇಲೆ ಇನ್ನೊಂದು ಕೋಟ್ ಹೊಡೆದು ಮುಚ್ಚೋಣ ಅಂತ ನೋಡುತ್ತಾರೆ. ಎರಡನೇ ಕೋಟ್ ಇನ್ನಷ್ಟು ಥಿನ್ನರ್ ಕುಡಿಸುತ್ತೆ, ಬಿರುಕು ದೊಡ್ಡದಾಗುತ್ತೆ.

ಟಾಪಿನ ಮೇಲಿನ ರವೆಗೆ ಕಾರಣ ನಮ್ಮ ಊರಿನ ಏಪ್ರಿಲ್. ಡಬ್ಬಿಯಿಂದ ಹೊರಟ ಹನಿ ಹಸಿಯಾಗಿಯೇ ಮೈ ಮುಟ್ಟಬೇಕು, ಮುಟ್ಟಿ ಹರಡಿಕೊಳ್ಳಬೇಕು, ಆಮೇಲೆ ಆರಬೇಕು. ದಾವಣಗೆರೆಯ ಮಧ್ಯಾಹ್ನದ ಒಣ ಬಿಸಿಲಿನಲ್ಲಿ, ಅದೂ ತಾರಸಿ ಮೇಲೆ, ಹನಿ ಗಾಳಿಯಲ್ಲೇ ಆರಿಹೋಗುತ್ತೆ. ಕಾರಿನ ಮೇಲೆ ಬೀಳುವುದು ರಂಗೋಲಿ ಪುಡಿ. ಬಾನೆಟ್ ಹತ್ತಿರ ಹಿಡಿದು ಹೊಡೆದಿದ್ದೀರಿ, ಅಲ್ಲಿ ಹಸಿ ಜಾಸ್ತಿಯಾಗಿ ಬಿರುಕು ಬಂತು. ಟಾಪಿಗೆ ದೂರದಿಂದ ಹೊಡೆದಿದ್ದೀರಿ, ಅಲ್ಲಿ ಒಣಗಿ ರವೆಯಾಯಿತು. ಒಂದೇ ಡಬ್ಬಿ, ಒಂದೇ ದಿನ, ಎರಡು ಬಗೆಯ ಕಾಯಿಲೆ. ಹೀಗೇ ಆಗಿರಬೇಕು ಅಂತ ನನ್ನ ಅಂದಾಜು.

ಗ್ಲಾಸಿನ ಮಂಜು ಫೆವಿಕ್ವಿಕ್ಕಿನದ್ದು. ಆ ಅಂಟು ಗಟ್ಟಿಯಾಗುವಾಗ ಆವಿ ಬಿಡುತ್ತೆ. ಆವಿ ಸುತ್ತಮುತ್ತ ಹೋಗಿ ಕೂತು ಬಿಳಿ ಪದರ ಆಗುತ್ತೆ, ಅದರಲ್ಲೂ ಬೆರಳಿನ ಗುರುತು ಇದ್ದ ಕಡೆ ಬೇಗ. ಬೆರಳಚ್ಚು ಪತ್ತೆ ಮಾಡುವವರು ಇದೇ ಜಾತಿಯ ಅಂಟಿನ ಆವಿ ಹಿಡಿದು ಗುರುತು ಎಬ್ಬಿಸುತ್ತಾರೆ. ಅವರಿಗೆ ಅನುಕೂಲ, ನಮ್ಮ ಗ್ಲಾಸಿಗೆ ತೊಂದರೆ. ಪಾರದರ್ಶಕ ಭಾಗಗಳಿಗೆ ಮನೆಯಲ್ಲಿರುವ ಬಿಳಿ ಫೆವಿಕಾಲ್ ಸಾಕು. ಕಡ್ಡಿಯ ತುದಿಯಲ್ಲಿ ಇಟ್ಟರೆ ಆರಿದ ಮೇಲೆ ಕಾಣುವುದೇ ಇಲ್ಲ. ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಹಾಗಾಗಿ ಮೂರೂ ಬೇರೆ ಬೇರೆ ತಪ್ಪು ಅಂತ ತಿಳಿದು ಧೈರ್ಯ ಕಳೆದುಕೊಳ್ಳಬೇಡಿ. ಯಾವುದು ಯಾವುದನ್ನು ಕರಗಿಸುತ್ತೆ, ಏನು ಆವಿಯಾಗಿ ಎಲ್ಲಿ ಕೂರುತ್ತೆ, ಎಷ್ಟು ಬೇಗ ಆರುತ್ತೆ, ಇಷ್ಟು ತಿಳಿದರೆ ಮಾಡೆಲ್ ಕಾರಿನ ಅರ್ಧ ಕೆಲಸ ಬಂದ ಹಾಗೆ. ಕೈ ನಡುಗುತ್ತೆ, ಕಣ್ಣು ಸಾಲದು ಅನ್ನುವುದೆಲ್ಲ ಆಮೇಲಿನ ಮಾತು.

ಗೆಳೆಯರು ಹೇಳಿದ ಏರ್‌ಬ್ರಷ್ ವಿಷಯ. ಏರ್‌ಬ್ರಷ್ ಒಳ್ಳೆಯ ಸಾಧನ, ನನ್ನ ಹತ್ತಿರವೂ ಇದೆ. ಆದರೆ ಅದಿಲ್ಲದೆ ಕಾರಿನ ಮೈ ಕನ್ನಡಿ ತರ ಆಗಲ್ಲ ಅನ್ನುವುದು ಸುಳ್ಳು. ಕಾರಿನ ಮೈಗೆ ಬೇಕಾಗುವುದು ಒಂದೇ ಬಣ್ಣ, ಪೂರ್ತಿ ಮೈಗೆ. ಆ ಕೆಲಸಕ್ಕೆ ಮಾಡೆಲ್‌ಗೆಂದೇ ಮಾಡಿದ ಸ್ಪ್ರೇ ಡಬ್ಬಿ ಬಹಳ ಚೆನ್ನಾಗಿ ಆಗುತ್ತೆ. ಏರ್‌ಬ್ರಷ್ ಕೊಂಡರೆ ಬಣ್ಣ ಎಷ್ಟು ತೆಳು ಮಾಡಬೇಕು, ಗಾಳಿ ಎಷ್ಟು ಇಡಬೇಕು, ಪ್ರತಿ ಸಲ ಸೂಜಿ ಬಿಚ್ಚಿ ತೊಳೆಯುವುದು ಹೇಗೆ, ಇವನ್ನೆಲ್ಲ ಕಲಿಯಬೇಕು. ಕಾರು ಕಟ್ಟುವುದನ್ನು ಕಲಿಯುವ ಹೊತ್ತಿನಲ್ಲಿ ಯಂತ್ರ ರಿಪೇರಿ ಕಲಿಯುತ್ತಾ ಕೂರುತ್ತೀರಿ. ನಾಲ್ಕೈದು ಕಾರು ಮುಗಿಸಿ, ಆಮೇಲೂ ಆಸೆ ಇದ್ದರೆ ತಗೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ದಪ್ಪಗೆ ಹೊಡೆದರೆ ಹೊಳಪು ಬರುತ್ತೆ ಅಂತ. ಒಂದು ಲೆಕ್ಕ ಹೇಳುತ್ತೇನೆ. ನಿಜವಾದ ಕಾರಿನ ಮೇಲೆ ಪ್ರೈಮರ್ (ಬಣ್ಣದ ಕೆಳಗಿನ ಪದರ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪು ಪದರ) ಎಲ್ಲ ಸೇರಿ ಹೆಚ್ಚುಕಡಿಮೆ 100 ಮೈಕ್ರಾನ್ ಇರುತ್ತೆ, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ. ನಿಮ್ಮ ಬೀಟಲ್ ಮೇಲೂ ಅಷ್ಟೇ ಬಣ್ಣ ಕೂತಿತು ಅನ್ನಿ. 1/24 ಅಳತೆಯಲ್ಲಿ ಅದು ನಿಜವಾದ ಕಾರಿನ ಮೇಲೆ 2.4 ಮಿ.ಮೀ. ದಪ್ಪ ಬಣ್ಣ ಬಳಿದ ಹಾಗೆ. ಬಾಗಿಲ ಸಂದು ಮುಚ್ಚಿಹೋಗುತ್ತೆ, ಹಿಡಿಕೆ ಉಂಡೆಯಾಗುತ್ತೆ, ಆಟಿಕೆ ತರ ಕಾಣುತ್ತೆ. ಒಳ್ಳೆಯ ಮಾಡೆಲ್ ಯಾಕೆ ನಿಜವಾದ ಕಾರಿನ ಹಾಗೆ ಕಾಣುತ್ತೆ ಅಂದರೆ ಬಣ್ಣ ತೆಳ್ಳಗಿದೆ ಅಂತ. ಇದೇ ಅಳತೆಯ ಕಾರಣಕ್ಕೆ ಗ್ಯಾರೇಜಿನ ಮೆಟಾಲಿಕ್ ಬಣ್ಣ ಮಾಡೆಲ್ಲಿಗೆ ಒಪ್ಪುವುದಿಲ್ಲ, ಅದರ ಬೆಳ್ಳಿ ಕಣಗಳು ಸಣ್ಣ ಕಾರಿನ ಮೇಲೆ ಮಿಂಚಿನ ಪುಡಿ ಎರಚಿದ ಹಾಗೆ ಕಾಣುತ್ತವೆ. ಮೊದಲ ಕಾರಿಗೆ ಮಿಂಚಿನ ಕಣ ಇಲ್ಲದ ಸಾಲಿಡ್ ಬಣ್ಣವೇ ಇರಲಿ.

ಈಗ ನಿಮ್ಮ ಕೈಯಲ್ಲಿರುವ ಕಾರಿಗೆ ಏನು ಮಾಡಬಹುದು ಅಂತ ನೋಡೋಣ. ಬಣ್ಣ ಪೂರ್ತಿ ತೆಗೆಯಲು ಹಳೇ ಮಾಡೆಲ್ ಕಟ್ಟುವವರು ಬ್ರೇಕ್ ಆಯಿಲ್‌ನಲ್ಲಿ ನೆನೆಸಿಡುತ್ತಾರೆ. ಅದು ಬಣ್ಣ ಎಬ್ಬಿಸುತ್ತೆ, ಪ್ಲಾಸ್ಟಿಕ್ಕಿಗೆ ಅಷ್ಟಾಗಿ ಏನೂ ಮಾಡಲ್ಲ. ಆದರೆ ಎಲ್ಲ ಬಣ್ಣವೂ ಬಿಡುತ್ತೆ ಅಂತ ಭರವಸೆ ಕೊಡಲಾರೆ. ಕೈಗೆ ಗ್ಲೌಸ್ ಬೇಕು, ಕಣ್ಣಿಗೆ ಹಾರಬಾರದು, ಬಳಸಿದ್ದನ್ನು ಮೋರಿಗೆ ಚೆಲ್ಲಬಾರದು. ಅದು ವಿಷ, ಮಗಳಿರುವ ಮನೆಯಲ್ಲಿ ತೆರೆದ ಡಬ್ಬದಲ್ಲಿ ರಾತ್ರಿಯಿಡೀ ಇಡುವುದು ನನಗೆ ಇಷ್ಟವಿಲ್ಲ. ಅಂಗಡಿಯಲ್ಲಿ ಸಿಗುವ ಪೇಂಟ್ ರಿಮೂವರ್ ಅಂತೂ ಬೇಡವೇ ಬೇಡ, ಕಾರು ಮುದ್ದೆಯಾಗುತ್ತೆ.

ನಾನಾದರೆ ಉಜ್ಜುತ್ತೇನೆ. 400 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್, ನಂಬರ್ ಹೆಚ್ಚಿದಷ್ಟೂ ನಯ) ಸೋಪಿನ ನೀರಿನಲ್ಲಿ ಅದ್ದಿ, ಬಾನೆಟ್ ಮೇಲೆ ಬಲೆ ಹೋಗುವವರೆಗೆ ಮೆಲ್ಲಗೆ ಉಜ್ಜಿ. (ಬೀಟಲ್‌ನಲ್ಲಿ ಅದು ನಿಜಕ್ಕೂ ಡಿಕ್ಕಿ, ಇಂಜಿನ್ ಇರುವುದು ಹಿಂದೆ.) ಆಮೇಲೆ 600, ಆಮೇಲೆ 1000. ಟಾಪಿನ ರವೆಗೆ ನೇರವಾಗಿ 1000 ಸಾಕು. ಇದರಲ್ಲಿ ಒಂದು ನಷ್ಟ ಇದೆ. ಆ ಮುಚ್ಚಳದ ನಡುವೆ ಒಂದು ಉಬ್ಬು ಗೆರೆ ಓಡುತ್ತೆ, ಅದು ಸವೆಯಬಹುದು. ಗೆರೆಯ ಮೇಲೆ ಸಣ್ಣ ಟೇಪ್ ಪಟ್ಟಿ ಅಂಟಿಸಿ ಉಜ್ಜಿ. ಆಳದ ಸೀಳು ಒಂದೆರಡು ಉಳಿದರೆ ಮಾಡೆಲ್ ಪುಟ್ಟಿ ಸವರಿ ಮತ್ತೆ ಉಜ್ಜಿ. ಗ್ಲಾಸಿನ ಮಂಜನ್ನು 2000 ಪೇಪರ್, ನಂತರ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಪೇಸ್ಟ್) ಹಾಕಿ ತಿಕ್ಕಿದರೆ ಬಹುತೇಕ ಹೋಗುತ್ತೆ. ಎರಡು ಸಂಜೆ ಹಿಡಿಯುವ ಕೆಲಸ.

ಇನ್ನು ಬಣ್ಣ. ಟಾಮಿಯಾ ಕಂಪನಿಯ ಡಬ್ಬಿಗಳಲ್ಲಿ ಟಿಎಸ್ ಅಂತ ಬರೆದಿರುವುದನ್ನೇ ತಗೊಳ್ಳಿ. ಪಿಎಸ್ ಅಂತ ಇರುವುದು ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಮೈಗೆ, ಅದು ನಿಮ್ಮ ಕಿಟ್‌ಗೆ ಆಗಿಬರಲ್ಲ. ಒಂದಕ್ಷರದ ವ್ಯತ್ಯಾಸದಲ್ಲಿ ಎಷ್ಟೋ ಕಾರು ಹಾಳಾಗಿವೆ. ಮಾಡೆಲ್ ಪ್ರೈಮರ್ ಒಂದು ಡಬ್ಬಿ, ಬಣ್ಣ ಒಂದು ಡಬ್ಬಿ. ಬೇರೆ ಕಂಪನಿಯದ್ದಾದರೂ ಪರವಾಗಿಲ್ಲ, ಪಾಲಿಸ್ಟೈರೀನ್‌ಗೆ ಆಗುತ್ತೆ ಅಂತ ಬರೆದಿರಬೇಕು. ಸ್ಪ್ರೇ ಡಬ್ಬಿಗಳನ್ನು ವಿಮಾನದಲ್ಲಿ ಕಳಿಸಲು ನಿರ್ಬಂಧ ಇರುವುದರಿಂದ ಬರುವುದು ತಡವಾಗಬಹುದು, ಅದಕ್ಕೆ ಸಿದ್ಧರಿರಿ. ಯಾವ ಬಣ್ಣವೇ ಆಗಲಿ, ಮೊದಲು ಭಾಗಗಳನ್ನು ಕತ್ತರಿಸಿದ ಮೇಲೆ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಹೊಡೆದು ಒಂದು ದಿನ ಬಿಟ್ಟು ನೋಡಿ. ಅದೂ ಕಾರಿನದೇ ಪ್ಲಾಸ್ಟಿಕ್, ನಿಮಗೆ ಸುಮ್ನೆ ಸಿಕ್ಕಿದೆ.

ಹೊಡೆಯುವ ಮೊದಲು ಮೈಯನ್ನು ಪಾತ್ರೆ ಸೋಪಿನ ನೀರು, ಹಳೇ ಟೂತ್‌ಬ್ರಷ್‌ನಿಂದ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಅಂಟಿಕೊಂಡಿದ್ದರೆ ಹೋಗುತ್ತೆ. ಆರಿದ ಮೇಲೆ ಕಾರನ್ನು ನೀರಿನ ಬಾಟಲಿಯ ಕತ್ತಿಗೆ ಟೇಪ್‌ನಲ್ಲಿ ಕೂರಿಸಿ, ಬಾಟಲಿ ಹಿಡಿದು ತಿರುಗಿಸಬಹುದು. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ. 20ರಿಂದ 25 ಸೆಂಟಿಮೀಟರ್ ದೂರ, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಗುಂಡಿ ಒತ್ತುವುದು ಕಾರಿನ ಆಚೆ, ಬಿಡುವುದೂ ಕಾರು ದಾಟಿದ ಮೇಲೆ. ಕಾರಿನ ಮೇಲೆಯೇ ಒತ್ತಿದರೆ ಮೊದಲ ಉಗುಳು ಅಲ್ಲೇ ಬೀಳುತ್ತೆ. ಮೊದಲ ಕೋಟ್ ಮಂಜಿನ ಹಾಗೆ, ಕೆಳಗಿನ ಪ್ಲಾಸ್ಟಿಕ್ ಕಾಣುತ್ತಿದ್ದರೂ ಆಸೆ ಪಡಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು, ಅದೇ ತರ. ಮೂರನೆಯದು ಮಾತ್ರ ಹಸಿ ಕೋಟ್.

ಆ ಮೂರನೇ ಕೋಟ್ ಹೊಡೆಯುವಾಗ ಬಣ್ಣವನ್ನು ನೋಡಬೇಡಿ, ಬೆಳಕನ್ನು ನೋಡಿ. ನಮ್ಮ ಗ್ಯಾರೇಜಿನಲ್ಲಿ ಹೊಸ ಹುಡುಗರಿಗೆ ನಾನು ಮೊದಲು ಕಲಿಸುವುದು ಇದನ್ನೇ. ತಲೆ ಮೇಲೆ ಟ್ಯೂಬ್‌ಲೈಟ್ ಇರಲಿ, ಅಥವಾ ಆಕಾಶ. ಟಾಪಿನಲ್ಲಿ ಅದರ ಪ್ರತಿಬಿಂಬ ಕಾಣುತ್ತೆ. ಬಣ್ಣ ಒಣಗಿ ಕೂತಿದ್ದರೆ ಆ ಪ್ರತಿಬಿಂಬದ ಅಂಚು ಕಂಬಳಿ ತರ ಮಬ್ಬಾಗಿರುತ್ತೆ. ಹಸಿ ಸರಿಯಾದಾಗ ಅಂಚು ಒಮ್ಮೆಲೇ ಗೆರೆ ಎಳೆದ ಹಾಗೆ ಸ್ಪಷ್ಟವಾಗುತ್ತೆ. ಆ ಕ್ಷಣಕ್ಕೆ ಕೈ ಮುಂದಕ್ಕೆ ಹೋಗಬೇಕು. ಅರ್ಧ ಸೆಕೆಂಡ್ ಅಲ್ಲೇ ನಿಂತರೆ ಬಣ್ಣ ಸೋರಿ ಇಳಿಯುತ್ತೆ, ಅದರಲ್ಲೂ ಬಾಗಿಲ ಕೆಳಗಡೆ. ಸೋರಿದರೆ ಮುಟ್ಟಬೇಡಿ, ಒರೆಸಬೇಡಿ. ಪೂರ್ತಿ ಆರಿದ ಮೇಲೆ 1000 ಪೇಪರ್‌ನಲ್ಲಿ ಉಜ್ಜಿದರೆ ಹೋಗುತ್ತೆ. ಮುಗಿದ ತಕ್ಷಣ ಮೇಲೆ ಒಂದು ದೊಡ್ಡ ಸ್ವೀಟ್ ಬಾಕ್ಸ್ ಬೋರಲು ಹಾಕಿ, ಧೂಳು ಕೂರಲ್ಲ. ಆರಿದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಬೇಡಿ. ಮೂಗು ಹತ್ತಿರ ಹಿಡಿಯಿರಿ. ವಾಸನೆ ಇದ್ದರೆ ಇನ್ನೂ ಆರುತ್ತಿದೆ ಅಂತ ಅರ್ಥ. ಬಿಸಿಲಿಗಿಟ್ಟು ಬೇಗ ಆರಿಸಲು ಹೋಗಬೇಡಿ, ಟಾಪ್ ಹೊತ್ತಿರುವ ತೆಳು ಕಂಬಗಳು ಸೊಟ್ಟಗಾಗಬಹುದು.

ಹೊತ್ತು ನಮ್ಮ ಕಡೆ ಬಹಳ ಮುಖ್ಯ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ಒಳಗೆ ಮುಗಿಸಿ. ಗಾಳಿ ಇನ್ನೂ ಎದ್ದಿರಲ್ಲ, ತಾರಸಿ ಕಾದಿರಲ್ಲ. ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ, ಧೂಳು ಅಡಗುತ್ತೆ, ನಾವೂ ಗ್ಯಾರೇಜಿನಲ್ಲಿ ಹಾಗೇ ಮಾಡುತ್ತೇವೆ. ಮಳೆ ಹಿಡಿದ ದಿನ ಮಾತ್ರ ಡಬ್ಬಿ ಮುಟ್ಟಬೇಡಿ. ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಹಾಲಿನ ಹಾಗೆ ಬೆಳ್ಳಗಾಗುತ್ತೆ. ಆಷಾಢದ ಗಾಳಿಯಲ್ಲೂ ಬೇಡ. ಚಿತ್ರದುರ್ಗದಲ್ಲಿ ನನ್ನ ತಮ್ಮನ ಮನೆಯಿದೆ. ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಊರು ಅದು, ಆಷಾಢದಲ್ಲಿ ಅಲ್ಲಿ ಡಬ್ಬಿ ಒತ್ತಿದರೆ ಬಣ್ಣ ಪಕ್ಕದ ಮನೆ ಬಟ್ಟೆಗೆ ಹೋಗುತ್ತೆ. ನನಗೆ ಇಷ್ಟವಾದ ಕಾಲ ದೀಪಾವಳಿಯಿಂದ ಸಂಕ್ರಾಂತಿವರೆಗೆ. ತೀರಾ ಚಳಿಯ ಬೆಳಿಗ್ಗೆ ಡಬ್ಬಿ ತಣ್ಣಗಿದ್ದರೆ ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ, ಸಾಕು. ಒಲೆ ಹತ್ತಿರ ಒಯ್ಯಬೇಡಿ, ಸಿಡಿಯುತ್ತೆ.

ಈಗ ನಿಮ್ಮ ಅಮ್ಮನ ವಿಷಯ. ಇದನ್ನು ನಾನು ಹಗುರವಾಗಿ ಹೇಳಲಾರೆ. ಸ್ಪ್ರೇಯಲ್ಲಿ ಎರಡು ಇವೆ: ಕಣ್ಣಿಗೆ ಕಾಣುವ ತುಂತುರು ಮತ್ತು ಕಾಣದ ಆವಿ. ಎನ್95 ಮಾಸ್ಕ್ ತುಂತುರು ತಡೆಯುತ್ತೆ, ಆವಿ ತಡೆಯಲ್ಲ. ನಿಮಗೆ ಬೇಕಾದ್ದು ಪೇಂಟ್ ಆವಿಗೆ ಇರುವ ಕಾರ್ಟ್ರಿಜ್ ಮಾಸ್ಕ್. ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಹೊಡೆಯುವುದು ತಾರಸಿ ಮೇಲೆ ಮಾತ್ರ, ಮೆಟ್ಟಿಲ ಬಾಗಿಲು ಹಾಕಿ. ಕಾರು ಆರುವಾಗಲೂ ಒಂದೆರಡು ದಿನ ಆವಿ ಬಿಡುತ್ತೆ, ಅದನ್ನು ಕೋಣೆಯೊಳಗೆ ತರಬೇಡಿ. ಡಬ್ಬಿಯ ಅನಿಲ ಬೆಂಕಿ ಹಿಡಿಯುವಂಥದ್ದು. ಗೀಸರ್, ಒಲೆ, ದೇವರ ದೀಪ ಯಾವುದರ ಹತ್ತಿರವೂ ಬೇಡ.

ಇನ್ನೊಂದು ಮಾತು. ಮೈಯನ್ನು ಗ್ಯಾರೇಜಿಗೆ ಕೊಟ್ಟು ಕ್ಲಿಯರ್ ಹೊಡೆಸಿದರೆ ಚೆನ್ನಾಗಿ ಹೊಳೆಯುತ್ತೆ ಅಂತ ಯಾರಾದರೂ ಹೇಳಬಹುದು, ಹೊಳೆಯುವುದು ನಿಜ. ಆದರೆ ಗಟ್ಟಿಯಾಗಲು ಹಾರ್ಡ್ನರ್ ಬೆರೆಸುವ ಆ ಕ್ಲಿಯರ್‌ನಲ್ಲಿ ಐಸೊಸೈನೇಟ್ ಅನ್ನುವ ವಸ್ತು ಇರುತ್ತೆ. ಅದು ಅಸ್ತಮಾ ಇಲ್ಲದವರಿಗೂ ಅಸ್ತಮಾ ತರಬಲ್ಲದು. ನನ್ನ ಜೊತೆ ಕೆಲಸ ಮಾಡಿದ ಒಬ್ಬರು ಮಾಸ್ಕಿಲ್ಲದೆ ವರ್ಷಗಟ್ಟಲೆ ಹೊಡೆದು, ಈಗ ಇನ್ಹೇಲರ್ ಇಲ್ಲದೆ ಮೆಟ್ಟಿಲು ಹತ್ತುವುದಿಲ್ಲ. ಆ ಡಬ್ಬಿಯನ್ನು ಮನೆಗೆ ತಂದು ನೀವೇ ಹೊಡೆಯುವ ಯೋಚನೆ ಯಾವತ್ತೂ ಮಾಡಬೇಡಿ. ಹಾಗೇ ನಾಮಫಲಕ ಮಾಡುವವರು ಅಕ್ರಿಲಿಕ್ ಅಂಟಿಸಲು ಬಳಸುವ ಕ್ಲೋರೋಫಾರ್ಮ್ ಕೂಡ. ಅದು ಈ ಪ್ಲಾಸ್ಟಿಕ್ಕನ್ನೂ ಅಂಟಿಸುತ್ತೆ, ಅಗ್ಗಕ್ಕೂ ಸಿಗುತ್ತೆ, ಆದರೆ ಅದರ ಆವಿ ಮನೆಯೊಳಗೆ ಬೇಡ. ಮಾಡೆಲ್ ಸಿಮೆಂಟ್ ಒಂದು ಸಣ್ಣ ಶೀಶೆ ತಗೊಳ್ಳಿ. ಅದು ಎರಡೂ ಅಂಚು ಕರಗಿಸಿ ಒಂದು ಮಾಡುತ್ತೆ, ಬೆಸುಗೆ ಹಾಕಿದ ಹಾಗೆ. ಕಿಟಕಿ ತೆರೆದು, ಕೆಲಸ ಮುಗಿದ ಕೂಡಲೇ ಮುಚ್ಚಳ ಹಾಕಿ. ಬೀಟಲ್‌ನ ಕ್ರೋಮ್ ಬಂಪರಿಗೆ ಮಾತ್ರ ಅಂಟುವ ಜಾಗದ ಕ್ರೋಮನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಸಿಮೆಂಟ್ ಹಿಡಿಯಲ್ಲ.

ತಾರಸಿಯ ವಾಸನೆಯೂ ಅಮ್ಮನಿಗೆ ಆಗದಿದ್ದರೆ ಸ್ಪ್ರೇ ಇಲ್ಲದ ದಾರಿ ಇದೆ. ಕೆಲವು ಕಿಟ್‌ಗಳ ಪ್ಲಾಸ್ಟಿಕ್ಕೇ ಕೆಂಪು, ಹಳದಿ, ನೀಲಿ ಇರುತ್ತೆ. ಅಂಥ ಮೈಯನ್ನು 1000, 2000 ಪೇಪರ್ ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್‌ನಿಂದ ಪಾಲಿಶ್ ಮಾಡಿದರೆ ಬಣ್ಣವೇ ಬೇಡ. ಒಳಗಿನ ಸೀಟು, ಡ್ಯಾಶ್‌ಬೋರ್ಡ್, ಟೈರು ಇವಕ್ಕೆ ನೀರಿನ ಅಕ್ರಿಲಿಕ್ ಬಣ್ಣ, ಸಣ್ಣ ಬ್ರಷ್. ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಅಂಟು ಬೇಡದ, ಒತ್ತಿ ಕೂರಿಸುವ ಸ್ನ್ಯಾಪ್ ಕಿಟ್ ಕೂಡ ಸಿಗುತ್ತೆ. ಅದನ್ನು ಮಗಳ ಜೊತೆ ಕೂತು ಮಾಡಬಹುದು, ಬ್ಲೇಡ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಬ್ರಷ್‌ನಲ್ಲಿ ಇಡೀ ಕಾರಿನ ಮೈಗೆ ಹೊಳಪು ಬಣ್ಣ ಬಳಿಯಬಹುದಾ ಅಂತ ಕೇಳಿದರೆ, ಬಳಿಯಬಹುದು, ಆದರೆ ಗೆರೆ ಬೀಳದ ಹಾಗೆ ಮಾಡುವುದು ಸ್ಪ್ರೇಗಿಂತ ಕಷ್ಟ. ಹೊಸಬರಿಗೆ ನಾನು ಹೇಳುವುದಿಲ್ಲ.

ನೀವು ನೇರವಾಗಿ ಕೇಳಿಲ್ಲ, ಆದರೂ ಅಪ್ಪನ ಅಂಬಾಸಿಡರ್ ಬಗ್ಗೆ ಬರೆದಿದ್ದೀರಿ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿಯಿಂದ ಬಂದ ಆ ಕಾರು 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಉದ್ದ 4.3 ಮೀಟರ್, ಅಂದರೆ 1/24ರಲ್ಲಿ ಸುಮಾರು 18 ಸೆಂಟಿಮೀಟರ್, ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಸದ್ಯಕ್ಕೆ ಸೆಂಟಿ ಕಂಪನಿಯ, ಹಿಂದಕ್ಕೆಳೆದು ಬಿಟ್ಟರೆ ಓಡುವ ಪುಲ್‌ಬ್ಯಾಕ್ ಅಂಬಾಸಿಡರ್ ಆಟಿಕೆ ಒಂದು ತಗೊಳ್ಳಿ. ಅಳತೆ ಅಷ್ಟು ಕರಾರುವಾಕ್ಕಲ್ಲ, ಆದರೆ ಆ ಗುಂಡು ಮೂತಿ ಹಾಗೇ ಇದೆ. ಬಿಚ್ಚಿ, ಮೈ ಉಜ್ಜಿ, ಪ್ರೈಮರ್ ಹೊಡೆದು, ಅಪ್ಪ ಓಡಿಸುತ್ತಿದ್ದ ಬಣ್ಣವನ್ನೇ ಹೊಡೆಯಿರಿ. ಆ ಪ್ಲಾಸ್ಟಿಕ್ಕಿಗೂ ಥಿನ್ನರ್ ಆಗಿಬರಲ್ಲ ಅನ್ನುವುದು ನೆನಪಿರಲಿ. ಮೂರು ಸಾವಿರದ ಕಿಟ್ ಮೇಲೆ ಕೈ ಪಳಗಿಸುವುದಕ್ಕಿಂತ ಇದು ಹಗುರ.

ಖರ್ಚು ಜಾಸ್ತಿ ಆಗಬಾರದು ಅಂದರೆ ಈಗ ಕೊಳ್ಳಬೇಕಾದ್ದು ಇಷ್ಟೇ: ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಲು ಒಳ್ಳೆಯ ಸಣ್ಣ ನಿಪ್ಪರ್, ಹಿಡಿಕೆ ಇರುವ ಬ್ಲೇಡ್, 400ರಿಂದ 2000ದವರೆಗೆ ವಾಟರ್ ಪೇಪರ್ ಒಂದೊಂದು ಹಾಳೆ, ಮಾಡೆಲ್ ಸಿಮೆಂಟ್, ಪ್ರೈಮರ್, ಬಣ್ಣ, ಕಾರ್ಟ್ರಿಜ್ ಮಾಸ್ಕ್. ವಾಟರ್ ಪೇಪರ್, ರಬ್ಬಿಂಗ್ ಕಾಂಪೌಂಡ್ ಯಾವುದೇ ಆಟೋ ಪೇಂಟ್ ಅಂಗಡಿಯಲ್ಲಿ ಸಿಗುತ್ತವೆ. ದುಡ್ಡು ಕಡಿಮೆ ಬಿದ್ದರೆ ನಿಪ್ಪರ್ ಅಗ್ಗದ್ದು ತಗೊಳ್ಳಿ, ಮಾಸ್ಕ್ ಅಗ್ಗದ್ದು ತಗೊಳ್ಳಬೇಡಿ.

ಈ ಭಾನುವಾರ ಆ ಬಾನೆಟ್ ಮೇಲೆ 400 ಪೇಪರ್ ಹಾಕಿ ಶುರು ಮಾಡಿ. ಅರ್ಧ ಗಂಟೆ ಉಜ್ಜಿ, ತೊಳೆದು, ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಬಲೆ ಇನ್ನೂ ಕಂಡರೆ ಮತ್ತೆ ಉಜ್ಜಿ. ಕಾಣದೇ ಹೋದರೆ ಫೋಟೋ ತೆಗೆದು ಕಳಿಸಿ, ಪ್ರೈಮರ್ ಹೊಡೆಯುವ ಮೊದಲು ಒಮ್ಮೆ ನಾನೂ ನೋಡುತ್ತೇನೆ.